ನೋಡಿದರೆ ಸವೆಯುವ ಚಿತ್ರ

ನನ್ನ ಷಡ್ಡಕರು ಮೂವತ್ತನಾಲ್ಕು ವರ್ಷ ತೂಕ ಮತ್ತು ಅಳತೆಯ ಇಲಾಖೆಯಲ್ಲಿ ಇನ್ಸ್‌ಪೆಕ್ಟರಾಗಿದ್ದವರು. ಅಂಗಡಿಬೀದಿಯವರು ಅವರಿಗೆ ಇಟ್ಟಿದ್ದ ಹೆಸರು ಮಿಲಿಗ್ರಾಂ. ತಕ್ಕಡಿಯ ತಟ್ಟೆಯ ಮೇಲೆ ನೊಣ ಬಂದು ಕೂತರೆ, ಅದು ತನ್ನ ಕೆಲಸ ಮುಗಿಸಿಕೊಂಡು ಹಾರಿಹೋಗುವವರೆಗೆ ಕಾದು, ಆಮೇಲೆ ತೂಕ ಬರೆದುಕೊಳ್ಳುತ್ತಿದ್ದರು ಎಂಬ ಮಾತಿದೆ. ನಾನು ಕೇಳಿದಾಗ ಅವರು ಅದನ್ನು ಅಲ್ಲಗಳೆಯಲಿಲ್ಲ. "ನೊಣ ಹಾರಿದ ಮೇಲೂ ಒಂದು ನಿಮಿಷ ಕಾಯ್ಬೇಕು, ತಟ್ಟೆ ಅಲ್ಲಾಡ್ತಿರುತ್ತೆ" ಎಂದು ತಿದ್ದಿದರು. ನಮ್ಮ ಹೆಂಡತಿಯರು ಅಕ್ಕತಂಗಿಯರು. ಅವರದು ದೊಡ್ಡವಳು, ನನ್ನದು ಚಿಕ್ಕವಳು. ಷಡ್ಡಕನೆಂಬ ಸಂಬಂಧವನ್ನು ಯಾರೂ ಆರಿಸಿಕೊಳ್ಳುವುದಿಲ್ಲ. ಮಳೆ ಬಂದಾಗ ಒಂದೇ ಸೂರಿನಡಿ ನಿಂತ ಇಬ್ಬರಂತೆ, ನಿಂತದ್ದಕ್ಕಾಗಿ ಮಾತಾಡಿಕೊಳ್ಳಬೇಕು. ನಾವಿಬ್ಬರು ನಲವತ್ತು ವರ್ಷ ಹಾಗೆ ಮಾತಾಡಿಕೊಂಡು ಬಂದಿದ್ದೇವೆ.

ನಮ್ಮ ಅತ್ತೆಗೆ ಎಂಬತ್ತನಾಲ್ಕು. ಇರುವುದು ನಮ್ಮ ಮನೆಯಲ್ಲಿ. ಷಡ್ಡಕರ ಮನೆ ಎರಡು ಬೀದಿಯಾಚೆ. ಅತ್ತೆಯ ಎಡಗಣ್ಣು ಎರಡು ವರ್ಷದ ಹಿಂದೆಯೇ ಕತ್ತಲಾಗಿತ್ತು. ಈಗ ಬಲಗಣ್ಣಿಗೂ ಮಂಜು ಹಬ್ಬತೊಡಗಿತ್ತು. ಕಣ್ಣಿನ ಡಾಕ್ಟರು ದೀಪವನ್ನು ಅತ್ತಿತ್ತ ಆಡಿಸಿ, ನಮ್ಮನ್ನು ಹೊರಗೆ ಕರೆದು, "ಮೂರ್ನಾಲ್ಕು ತಿಂಗಳು ದೊಡ್ಡದಾಗಿರೋದೆಲ್ಲ ಕಾಣಬಹುದು. ಆಮೇಲಿಂದು ನಾನು ಹೇಳಲ್ಲ" ಎಂದರು. ಅತ್ತೆಯ ಕಿವಿಗೆ ಮಂಜು ಕವಿದಿರಲಿಲ್ಲ. ಮನೆಗೆ ಬಂದು ಕುರ್ಚಿಯಲ್ಲಿ ಕುಳಿತವರೇ ಹೇಳಿದರು:

"ಅಷ್ಟರೊಳಗೆ ನಮ್ಮಮ್ಮನ ಮುಖ ಒಂದ್ಸಲ ದೊಡ್ಡದಾಗಿ ತೋರಿಸ್ರೇ. ಮಿಕ್ಕಿದ್ದೆಲ್ಲ ನೋಡಿ ಆಗಿದೆ."

ಅವರ ಅಮ್ಮನದೆಂದು ಉಳಿದಿರುವುದು ಒಂದೇ ಫೋಟೋ. ಅಂಗೈಯಗಲದ್ದು. ಅಪ್ಪ ನಿಂತಿದ್ದಾನೆ, ಅಮ್ಮ ಕುಳಿತಿದ್ದಾಳೆ, ಅಮ್ಮನ ಮಂಡಿಗೆ ಒರಗಿ ಐದು ವರ್ಷದ ನಮ್ಮ ಅತ್ತೆ. ಮರುವರ್ಷ ಆ ತಾಯಿ ತೀರಿಕೊಂಡಳು. ಫೋಟೋದಲ್ಲಿ ಅವಳ ಮುಖ ಕಡಲೆಕಾಳಿನಷ್ಟು. ಮಂಜು ಕವಿದ ಕಣ್ಣಿಗೆ ಅದೂ ಇಲ್ಲ.

"ಸ್ಟುಡಿಯೋಗೆ ಕೊಟ್ರೆ ದೊಡ್ಡದು ಮಾಡಿ ಕೊಡ್ತಾರೆ" ಎಂದಳು ನನ್ನ ಹೆಂಡತಿ.

"ಸ್ಟುಡಿಯೋದವರು ಬೆರಳಿಡ್ತಾರೆ" ಎಂದರು ಷಡ್ಡಕರು. "ಮನೇಲೇ ಸ್ಕ್ಯಾನ್ ಮಾಡೋಣ. ಇಂಥದ್ದಕ್ಕೆ ಒಂದು ಕ್ರಮ ಇರುತ್ತೆ."

ಕ್ರಮ ಎಂಬ ಆ ಪದ ಅವರ ಬಾಯಿಂದ ಹೊರಟಿತೆಂದರೆ, ಬೇರೆಯವರು ಮಧ್ಯಾಹ್ನದ ನಿದ್ದೆಗೆ ಹೋಗಿ ಬರಬಹುದು.

ಸ್ಕ್ಯಾನರ್ ಕೊಳ್ಳುವಾಗ ನಾನೂ ಜೊತೆಗಿದ್ದೆ. ಅಂಗಡಿಯವನು ಒಳ್ಳೆಯ ಮನುಷ್ಯ. ಮಾತಿಗೆ ಮಾತು ಸೇರಿಸುವುದು ಅವನ ಕಸುಬು. ಫೋಟೋವನ್ನು ಯಾವ ಬಗೆಯ ಫೈಲಾಗಿ ಇಡಬೇಕು ಎಂದು ಷಡ್ಡಕರು ಕೇಳಿದರು.

"ಜೆಪೆಗ್ ಸಾಕು ಸಾರ್. ಹಗುರ. ಎಲ್ಲಾ ಕಡೆ ತೆರ್ಕೊಳ್ಳುತ್ತೆ."

"ಅದರಲ್ಲಿ ನಷ್ಟ ಏನಾದ್ರೂ ಇದೆಯಾ?"

"ಇದೆ ಸಾರ್, ಸ್ವಲ್ಪ. ಪ್ರತಿ ಸಲ ತೆಗ್ದು ಮತ್ತೆ ಸೇವ್ ಮಾಡಿದ್ರೆ ಒಂಚೂರು ಒಂಚೂರು ಹೋಗ್ತಾ ಇರುತ್ತೆ. ಕಣ್ಣಿಗೇನೂ ಕಾಣಲ್ಲ ಬಿಡಿ."

ಕಣ್ಣಿಗೆ ಕಾಣದ ನಷ್ಟ. ಆ ಬಡಪಾಯಿಗೆ ತಾನು ಯಾರ ಮುಂದೆ ಏನು ಹೇಳಿದೆನೆಂಬುದು ತಿಳಿದಿರಲಿಲ್ಲ. ನನ್ನ ಷಡ್ಡಕರ ವೃತ್ತಿಜೀವನವೆಲ್ಲ ಕಣ್ಣಿಗೆ ಕಾಣದ ನಷ್ಟದ ಬೆನ್ನುಹತ್ತಿ ಕಳೆದದ್ದು. ಇಲಾಖೆಯ ಕಬ್ಬಿಣದ ಬೀರುವಿನಲ್ಲಿ ಒಂದು ಮೂಲ ಕಿಲೋ ತೂಕ ಇರುತ್ತದೆಯಂತೆ. ಅದನ್ನು ಬರಿಗೈಯಲ್ಲಿ ಮುಟ್ಟುವಂತಿಲ್ಲ. ಮಖಮಲ್ಲು ಸುತ್ತಿದ ಇಕ್ಕಳದಿಂದ ಎತ್ತಬೇಕು, ವರ್ಷಕ್ಕೊಮ್ಮೆ. ಏಕೆಂದರೆ ಪ್ರತಿ ಬಾರಿ ಎತ್ತಿದಾಗಲೂ ಒಂದು ಕಣ ಸವೆಯುತ್ತದೆ. ಅದನ್ನು ನೋಡಿ ಎರಡನೆಯ ದರ್ಜೆಯ ತೂಕ ಮಾಡಿರುತ್ತಾರೆ. ಅದನ್ನು ನೋಡಿ ಮೂರನೆಯ ದರ್ಜೆಯದು, ದಿನಬಳಕೆಗೆ. ಅಂಗಡಿಯವನು ಹೇಳಿದ 'ತೆಗೆದು ಮತ್ತೆ ಸೇವ್ ಮಾಡಿದರೆ' ಎಂಬುದರಲ್ಲಿ ಷಡ್ಡಕರಿಗೆ ಕೇಳಿಸಿದ್ದು 'ತೆಗೆದರೆ' ಎಂಬಷ್ಟೇ. ಮಿಕ್ಕದ್ದನ್ನು ಮೂವತ್ತನಾಲ್ಕು ವರ್ಷದ ಅನುಭವ ತುಂಬಿಕೊಟ್ಟಿತು.

"ಸವೆಯದೇ ಇರೋದು ಯಾವುದು?" ಎಂದು ತಗ್ಗಿದ ದನಿಯಲ್ಲಿ ಕೇಳಿದರು.

"ಟಿಫ್ ಅಂತ ಇದೆ ಸಾರ್. ಅದ್ರಲ್ಲಿ ಏನೂ ಹೋಗಲ್ಲ. ಆದ್ರೆ ಭಾರ ಜಾಸ್ತಿ."

"ಭಾರ ಇರಲಿ" ಎಂದರು ಷಡ್ಡಕರು. ಭಾರವೆಂದರೆ ಅವರಿಗೆ ಗೌರವ.

ಸ್ಕ್ಯಾನ್ ಮಾಡಿದ ದಿನ ಅವರು ಬೆಳಿಗ್ಗೆಯೇ ಸ್ನಾನ ಮುಗಿಸಿ, ಉಗುರು ಕತ್ತರಿಸಿಕೊಂಡು, ಕೈಗವಸು ತೊಟ್ಟು, ಕೋಣೆಯ ಫ್ಯಾನ್ ಆರಿಸಿ, ಮೂಗಿಗೆ ಕರವಸ್ತ್ರ ಕಟ್ಟಿದರು. ಅವರ ಹೆಂಡತಿ ಬಾಗಿಲಲ್ಲಿ ನಿಂತು, "ಆಪರೇಷನ್ ಎಷ್ಟೊತ್ತಿಗೆ ಮುಗಿಯುತ್ತೆ?" ಎಂದದ್ದಕ್ಕೆ ಅವರು ಬಾಗಿಲು ಮುಂದೆ ಮಾಡಿದರು. ಗಾಜಿನಡಿ ಬೆಳಕಿನ ಗೆರೆಯೊಂದು ನಿಧಾನವಾಗಿ, ಏನನ್ನೋ ಹುಡುಕುತ್ತಾ ಹೋದಂತೆ ಸರಿಯಿತು. ಎರಡು ಪ್ರತಿಗಳಾದವು. ಟಿಫ್ ಪ್ರತಿಗೆ 'ಪ್ರಧಾನ', ಜೆಪೆಗ್ ಪ್ರತಿಗೆ 'ಬಳಕೆ' ಎಂದು ಹೆಸರು. ಕಾಗದದ ಮೂಲ ಫೋಟೋ ಅಂದೇ ಮಧ್ಯಾಹ್ನ ಅರಗಿನ ಮುದ್ರೆಯ ಲಕೋಟೆಯಲ್ಲಿ ಬ್ಯಾಂಕಿನ ಲಾಕರಿಗೆ ಹೋಯಿತು.

"ಬರೀ ಫೋಟೋನಾ ಸಾರ್?" ಎಂದು ಬ್ಯಾಂಕಿನವರು ಕೇಳಿದರಂತೆ.

"ಬರೀ ಅಂದ್ರೆ?" ಎಂದರಂತೆ ಷಡ್ಡಕರು. ಬ್ಯಾಂಕಿನವರು ಬೀಗದ ಕೈ ಕೊಟ್ಟರು.

ಮರುದಿನ ಬೆಳಿಗ್ಗೆ ಅವರು ನಮ್ಮ ಮನೆಗೆ ಬಂದು, ನನ್ನನ್ನು ತೋಳು ಹಿಡಿದು ಹಿತ್ತಲಿಗೆ ಕರೆದೊಯ್ದರು. ಮುಖ ಬಿಳಿಚಿಕೊಂಡಿತ್ತು.

"ಯಾರಿಗೂ ಹೇಳ್ಬಾರದು. ಫೋಟೋದಲ್ಲಿರೋ ಅಜ್ಜಿ ಮುಖ ಸವೆದುಹೋಗಿದೆ."

"ಏನಂದ್ರಿ?"

"ನಿನ್ನೆ ಜೆಪೆಗ್ ತೆಗ್ದು ಮೂರು ಸಲ ನೋಡಿದೆ. ಸರಿಯಾಗಿ ಬಂದಿದೆಯೋ ಇಲ್ವೋ ಅಂತ. ತಾತನ ಮೀಸೆ ಕೂದಲು ಎಣಿಸಬಹುದು. ಕುರ್ಚಿ ಕೆತ್ತನೆ, ಅತ್ತೆ ಲಂಗದ ಗುಂಡಿ, ಎಲ್ಲಾ ಇದೆ. ಅಜ್ಜಿ ಮುಖ ಮಾತ್ರ ಒರೆಸಿದ ಹಾಗಾಗಿದೆ. ನಾನು ಅದನ್ನೇ ನೋಡ್ತಿದ್ದದ್ದು. ನೋಡಿದ ಕಡೆ ಹೋಗಿದೆ."

"ಆ ಟಿಫ್ ತೆಗ್ದು ನೋಡಿ ಮತ್ತೆ."

"ಪ್ರಧಾನ ಪ್ರತಿಯನ್ನ ಯಾರಾದ್ರೂ ನೋಡ್ತಾರಾ?" ಎಂದರು, ನಾನು ಏನೋ ಅಸಭ್ಯವಾಗಿ ಮಾತಾಡಿದಂತೆ. ಅದಲ್ಲದೆ ಅವರ ಹಳೆಯ ಕಂಪ್ಯೂಟರಿಗೆ ಅದನ್ನು ತೆರೆಯುವ ತ್ರಾಣವೂ ಇರಲಿಲ್ಲ. ಪರೀಕ್ಷೆಗೆಂದು ಬೇರೊಂದು ಟಿಫ್ ಕೊಟ್ಟು ನೋಡಿದಾಗ ಅರ್ಧ ಗಂಟೆ ಏದುಸಿರು ಬಿಟ್ಟು ಕಣ್ಣುಮುಚ್ಚಿತ್ತು. ಕಾಗದವನ್ನೇ ಇನ್ನೊಮ್ಮೆ ಸ್ಕ್ಯಾನ್ ಮಾಡೋಣವೆಂದರೆ, ಬೆಳಕು ತಾಗಿದರೆ ಹಳೆಯ ಫೋಟೋ ಬಿಳಿಚುತ್ತದೆಂದು ಅವರು ಎಲ್ಲೋ ಓದಿದ್ದರು. ಎಲ್ಲ ದಾರಿಗಳಿಗೂ ಅವರ ಬಳಿ ಬೀಗವಿತ್ತು, ಮತ್ತು ಪ್ರತಿ ಬೀಗಕ್ಕೂ ಒಂದು ಕಾರಣ.

ನಾನು ಹೇಳಬಹುದಿತ್ತು, ಇದು ಹಾಗಲ್ಲವೆಂದು. ಆದರೆ ನನಗೂ ಗೊತ್ತಿರಲಿಲ್ಲ. ಪ್ರಾಮಾಣಿಕವಾಗಿ ಹೇಳಬೇಕೆಂದರೆ, ನೋಟದಿಂದ ಮುಖ ಸವೆಯುತ್ತದೆಂಬ ಮಾತು ನನ್ನ ವಯಸ್ಸಿಗೆ ನಂಬಲು ತೀರ ಕಷ್ಟದ್ದೇನೂ ಆಗಿರಲಿಲ್ಲ.

ಅಂದಿನಿಂದ ನಿಯಮಗಳು ಬಂದವು. ಷಡ್ಡಕರು ಒಂದು ರಿಜಿಸ್ಟರು ತೆರೆದರು: ದಿನಾಂಕ, ನೋಡುವವರ ಹೆಸರು, ಸಂಬಂಧ, ನೋಡುವ ಉದ್ದೇಶ, ಅವಧಿ ಸೆಕೆಂಡುಗಳಲ್ಲಿ. ಮೊದಲ ಪುಟದಲ್ಲಿ ಫೈಲಿನ ಗಾತ್ರವನ್ನು ಅಂಕಿಯಲ್ಲೂ ಅಕ್ಷರದಲ್ಲೂ ಬರೆದರು: ನಲವತ್ತೆಂಟು ಲಕ್ಷದ ಹದಿನೇಳು ಸಾವಿರದ ಮುನ್ನೂರ ಆರು ಬೈಟು. ಉಳಿದ ಪುಟಗಳು ಖಾಲಿಯಾಗೇ ಇದ್ದವು. ಏಕೆಂದರೆ ಬಂದ ಅರ್ಜಿಗಳೆಲ್ಲ ತಿರಸ್ಕೃತವಾದವು.

ನನ್ನ ಹೆಂಡತಿ ಫೋನ್ ಮಾಡಿದಳು: "ಭಾವ, ಆ ಫೋಟೋ ನನ್ನ ಮೊಬೈಲಿಗೆ ಹಾಕಿ. ಅಮ್ಮಂಗೆ ತೋರಿಸ್ತೀನಿ."

"ಆಗಲ್ಲಮ್ಮ."

"ಯಾಕೆ?"

"ಅದು ಹೇಳೋ ಹಾಗಿಲ್ಲ."

ಇಲ್ಲೇ ಅವರು ಎಡವಿದ್ದು. 'ಕಂಪ್ಯೂಟರ್ ಕೆಟ್ಟಿದೆ' ಎಂದಿದ್ದರೆ ಜಗತ್ತು ಶಾಂತವಾಗಿರುತ್ತಿತ್ತು. ಸುಳ್ಳು ಹೇಳಲು ಬಾರದ ಮನುಷ್ಯ ಗುಟ್ಟು ಇಟ್ಟುಕೊಳ್ಳಹೋದರೆ, ಆ ಗುಟ್ಟು ಅವನಿಗಿಂತ ದೊಡ್ಡದಾಗಿ ಬೆಳೆಯುತ್ತದೆ. ಹೇಳುವ ಹಾಗಿಲ್ಲದ ಸಂಗತಿ ಆ ಫೋಟೋದಲ್ಲಿ ಏನಿದೆ? ಸಂಜೆಯೊಳಗೆ ಪ್ರಶ್ನೆ ನಾಲ್ಕು ಮನೆ ಮುಟ್ಟಿತು, ಮರುದಿನಕ್ಕೆ ಹನ್ನೊಂದು. ಮೂರನೆಯ ದಿನ ಅದು ಪ್ರಶ್ನೆಯಾಗಿ ಉಳಿದಿರಲಿಲ್ಲ, ಉತ್ತರವಾಗಿತ್ತು: ಫೋಟೋದಲ್ಲಿ ಕುಳಿತಿರುವ ಹೆಂಗಸು ಅಜ್ಜಿಯೇ ಅಲ್ಲ.

ಹೀಗಾಗಿ ವಂಶಾವಳಿ ಮಾಮ ಬಂದರು. ಅತ್ತೆಯ ಚಿಕ್ಕಪ್ಪನ ಮಗ ಅವರು, ಎಪ್ಪತ್ತಾರು ವಯಸ್ಸು. ಮನೆತನದ ಎಂಟು ತಲೆಮಾರಿನ ಪಟ್ಟಿಯನ್ನು ಉದ್ದನೆಯ ಕಾಗದದಲ್ಲಿ ಬರೆದು, ಕೊಳವೆಯಲ್ಲಿ ಸುತ್ತಿ, ಕಂಕುಳಲ್ಲಿಟ್ಟುಕೊಂಡು ಓಡಾಡುವವರು. ಅದರಲ್ಲಿ ನಮ್ಮಂಥ ಅಳಿಯಂದಿರಿಗೆ ಪೆನ್ಸಿಲ್ಲಿನಲ್ಲಿ ಜಾಗ. ಷಡ್ಡಕರ ನಡುಮನೆಯಲ್ಲಿ ಕುಳಿತು, ನೀರು ಕುಡಿದು, ಕೊಳವೆಯ ಮುಚ್ಚಳ ತೆಗೆದರು.

"ನೋಡಪ್ಪ, ನಾನು ನೇರವಾಗಿ ಕೇಳ್ತೀನಿ. ದೊಡ್ಡಪ್ಪನಿಗೆ ಎರಡನೇ ಮದುವೆ ಆಗಿತ್ತಾ?"

"ನಂಗೇನು ಗೊತ್ತು?"

"ಗೊತ್ತಿಲ್ಲ ಅಂದ್ರೆ ಇಲ್ಲ ಅಂತಲ್ಲ. ಬರ್ಕೋತೀನಿ. ಆ ಹೆಂಗಸು ಯಾರು?"

"ಅಜ್ಜಿ."

"ಮುಖ ನೋಡಿ ಹೇಳ್ತಿದ್ದೀಯಾ?"

ಮುಖ ಕಾಣುತ್ತದೆಂದರೆ ಸುಳ್ಳು. "ಮುಖದ ವಿಷಯ ಬೇಡ ಮಾಮ" ಎಂದರು ಷಡ್ಡಕರು.

ಮಾಮ ನಿಧಾನವಾಗಿ ಪೆನ್ನಿನ ಮುಚ್ಚಳ ಹಾಕಿದರು. ಎಂಟು ತಲೆಮಾರು ಆ ಕೊಳವೆಯೊಳಗೆ ಮಗ್ಗುಲು ಬದಲಿಸಿದಂತಾಯಿತು. ಅಂದು ಸಂಜೆ ನನಗೆ ಬಂದ ಐದು ಫೋನುಗಳಲ್ಲಿ ಮೂರರ ಪ್ರಕಾರ ಎರಡನೇ ಹೆಂಡತಿಗೆ ಇಬ್ಬರು ಗಂಡುಮಕ್ಕಳಿದ್ದರು. ಒಂದರ ಪ್ರಕಾರ ಅವಳು ಹಾಡುತ್ತಿದ್ದಳು.

ಇದೆಲ್ಲ ಅತ್ತೆಯ ಕಿವಿಗೂ ಬಿತ್ತು. ಅವರು ಕೋಪಿಸಿಕೊಳ್ಳಲಿಲ್ಲ. "ನಮ್ಮಪ್ಪಂಗೆ ಒಬ್ಬಳ ಹತ್ರ ಮಾತಾಡಕ್ಕೇ ಬರ್ತಿರ್ಲಿಲ್ಲ, ಇನ್ನು ಇಬ್ಬರಂತೆ" ಎಂದು ಹೇಳಿ, ಕೈಯನ್ನು ಕಣ್ಣಿನ ಮುಂದೆ ತಂದು ಬೆರಳು ಬಿಡಿಸಿ ನೋಡಿಕೊಂಡರು. ಇತ್ತೀಚೆಗೆ ಅವರಿಗೆ ಅದೊಂದು ಅಭ್ಯಾಸವಾಗಿತ್ತು. ಐದೂ ಇವೆಯೇ ಎಂದು ದಿನಕ್ಕೊಮ್ಮೆ ಎಣಿಸುವುದು. ಅಂದು ಅವರು ಮೂರಕ್ಕೇ ನಿಲ್ಲಿಸಿ, ಕೈಯನ್ನು ಮಡಿಲಲ್ಲಿ ಇಟ್ಟುಕೊಂಡರು.

ನನ್ನ ಹೆಂಡತಿ ಅದನ್ನು ನೋಡಿದಳು. ಒಲೆ ಆರಿಸಿ, ಚಪ್ಪಲಿ ಮೆಟ್ಟಿ ಹೊರಟಳು. ನಾನು ಹಿಂದೆ ಹಿಂದೆ. ಷಡ್ಡಕರ ಮನೆಯ ಗೇಟು ತೆಗೆಯುವಷ್ಟರಲ್ಲಿ ಅವಳ ಮಾತು ಶುರುವಾಗಿತ್ತು.

"ಭಾವ, ಆರು ವಾರ ಆಯ್ತು. ನಿಮ್ಮ ಫೋಟೋ ಸವೆಯುತ್ತೋ ಬಿಡುತ್ತೋ ನಂಗೊತ್ತಿಲ್ಲ. ಅಮ್ಮನ ಕಣ್ಣು ಸವೀತಾ ಇದೆ. ಅದಕ್ಕೆ ಯಾವ ರಿಜಿಸ್ಟರು?"

ಸವೆತದ ಗುಟ್ಟು ಅವಳಿಗೆ ಹೇಗೆ ತಿಳಿಯಿತೆಂದು ಷಡ್ಡಕರು ನನ್ನ ಕಡೆ ನೋಡಿದರು. ನಾನು ಗೋಡೆಯ ಕ್ಯಾಲೆಂಡರನ್ನು ನೋಡಿದೆ.

ಅವರು ಸೋತರು. ಕುರ್ಚಿಯಲ್ಲಿ ಕುಸಿದು ಹೇಳಿದರು: "ನಂಗೆ ಮಾತ್ರ ಆಸೆ ಇಲ್ವಾ? ಅವರಿಗೆ ತೋರಿಸೋಕೇ ಮಾಡಿದ್ದು. ತೋರಿಸಿದಾಗ ಅಲ್ಲಿ ಮುಖಾನೇ ಇಲ್ಲ ಅಂದ್ರೆ ಏನು ಹೇಳ್ಲಿ? ಎಂಬತ್ತು ವರ್ಷ ಉಳ್ಕೊಂಡಿದ್ದು, ನನ್ನ ಕೈಗೆ ಬಂದ ದಿನವೇ ಹೋಯ್ತು ಅಂತ ಹೇಳ್ಲಾ?"

ನನ್ನ ಹೆಂಡತಿ ಅವರೆದುರಿಗೆ ಕುಳಿತು ಮೆಲ್ಲಗೆ, "ಉಳಿದಷ್ಟೇ ತೋರಿಸಿ ಭಾವ" ಎಂದಳು.

ಭಾನುವಾರ ಬೆಳಿಗ್ಗೆ ಹತ್ತಕ್ಕೆ ಅವರ ಮನೆಯಲ್ಲೇ ಏರ್ಪಾಡಾಯಿತು. ಎಲ್ಲರೂ ಒಟ್ಟಿಗೆ ನೋಡಿದರೆ ಸವೆತ ಒಂದೇ ಸಲದ್ದು ಎಂಬುದು ಷಡ್ಡಕರ ಲೆಕ್ಕಾಚಾರ. ಕಂಪ್ಯೂಟರನ್ನು ನಡುಮನೆಯ ಮೇಜಿಗೆ ತಂದು, ಅತ್ತೆಯ ಕುರ್ಚಿಯನ್ನು ಒಂದು ಗೇಣಿನಷ್ಟು ದೂರದಲ್ಲಿ ಹಾಕಿದರು. ಹಿಂದೆ ನಾವು ಮೂವರು. ಕರೆಯದಿದ್ದರೂ ವಂಶಾವಳಿ ಮಾಮ ಬಂದು, ಕೊಳವೆಯನ್ನು ಮಂಡಿಯ ಮೇಲೆ ನೆಟ್ಟಗೆ ನಿಲ್ಲಿಸಿಕೊಂಡು ಕುಳಿತಿದ್ದರು. ಷಡ್ಡಕರು ರಿಜಿಸ್ಟರು ಬಿಡಿಸಿ, ಕೈಗಡಿಯಾರ ಬಿಚ್ಚಿ ಮೇಜಿನ ಮೇಲಿಟ್ಟು, ಗಂಟಲು ಸರಿಪಡಿಸಿಕೊಂಡರು.

"ಇದು ನಾಲ್ಕನೇ ವೀಕ್ಷಣೆ. ಮೊದಲ ಮೂರು ನನ್ನವು. ಅವಧಿ ತೊಂಬತ್ತು ಸೆಕೆಂಡು."

"ನಾಲ್ಕನೇದಲ್ಲ" ಎಂದರು ಅಕ್ಕ, ಅವರ ಹೆಂಡತಿ, ಸೆರಗಿನ ತುದಿ ನೋಡುತ್ತಾ.

"ಏನು?"

"ನೀವು ಬೆಳಿಗ್ಗೆ ವಾಕಿಂಗ್ ಹೋದಾಗ ನಾನು ನೋಡ್ತಿದ್ದೆ. ದಿನಾ. ನಮ್ಮಜ್ಜಿ ಅಲ್ವಾ."

ಷಡ್ಡಕರ ಕೈಯಿಂದ ಪೆನ್ನು ಉರುಳಿತು. "ದಿನಾ ಅಂದ್ರೆ?"

"ನಲವತ್ತೊಂದು ದಿನ. ಕೆಲವು ದಿನ ಎರಡೆರಡು ಸಲ. ಮೊನ್ನೆ ನೀವು ಸಕ್ಕರೆ ತರೋಕೆ ಹೋದಾಗ್ಲೂ."

"ಅಮ್ಮಂಗೆ ಯಾಕೆ ತೋರಿಸ್ಲಿಲ್ಲ ಅಕ್ಕ?" ಎಂದಳು ನನ್ನ ಹೆಂಡತಿ.

"ಮುಖ ಮಸುಕಾಗಿತ್ತಲ್ಲ. ಇವರೇನೋ ಕೈತಪ್ಪು ಮಾಡ್ಕೊಂಡಿದ್ದಾರೆ, ಸರಿ ಮಾಡ್ತಿರ್ಬೇಕು, ಹೇಳಿದ್ರೆ ನೊಂದ್ಕೋತಾರೆ ಅಂತ ಸುಮ್ನಿದ್ದೆ."

ಒಂದೇ ಮನೆಯಲ್ಲಿ, ಒಂದೇ ಮುಖವನ್ನು ಕುರಿತು, ಇಬ್ಬರು ಆರು ವಾರ ಒಬ್ಬರಿಂದೊಬ್ಬರು ಮುಚ್ಚಿಟ್ಟು ಬದುಕಿದ್ದರು. ನಲವತ್ತು ವರ್ಷದ ದಾಂಪತ್ಯಕ್ಕೆ ಇದಕ್ಕಿಂತ ಒಳ್ಳೆಯ ಪ್ರಮಾಣಪತ್ರ ನಾನು ನೋಡಿಲ್ಲ. ಷಡ್ಡಕರು ಮಾತ್ರ ಅದನ್ನು ಗಮನಿಸುವ ಸ್ಥಿತಿಯಲ್ಲಿರಲಿಲ್ಲ. ನಲವತ್ತೊಂದು, ಕೆಲವು ದಿನ ಎರಡರಂತೆ, ಅವರ ತುಟಿ ಗುಣಿಸುತ್ತಿತ್ತು. ಫೈಲಿನ ಗಾತ್ರ ತೋರಿಸುವ ಕಿಟಕಿ ತೆರೆದರು. ರಿಜಿಸ್ಟರಿನ ಮೊದಲ ಪುಟ ತಿರುವಿದರು. ಕನ್ನಡಕ ಒರೆಸಿ, ಬೆರಳಿಟ್ಟು ಒಂದೊಂದೇ ಅಂಕಿ ಓದಿದರು.

ನಲವತ್ತೆಂಟು ಲಕ್ಷದ ಹದಿನೇಳು ಸಾವಿರದ ಮುನ್ನೂರ ಆರು.

ಇನ್ನೊಮ್ಮೆ ಓದಿದರು. ಅಂಗಡಿಯವನ ಮಾತು, ನನ್ನ ಮಾತು, ದೇವರೇ ಬಂದು ಹೇಳಿದ್ದರೂ ಅವರು ನಂಬುತ್ತಿದ್ದರೆಂದು ನನಗೆ ಅನ್ನಿಸುವುದಿಲ್ಲ. ತೂಕವನ್ನು ಅವರು ನಂಬಿದರು.

"ಒಂದು ಬೈಟೂ ಹೋಗಿಲ್ಲ" ಎಂದರು. ಆ ದನಿಯಲ್ಲಿ ಸಂತೋಷಕ್ಕಿಂತ ದಿಗಿಲೇ ಹೆಚ್ಚಾಗಿತ್ತು. "ನೋಡಿದ್ದಕ್ಕೆ ಸವೆದಿಲ್ಲ. ಹಾಗಾದ್ರೆ ಮುಖ ಎಲ್ಲಿ ಹೋಯ್ತು?"

ವಂಶಾವಳಿ ಮಾಮ ಅರ್ಥಗರ್ಭಿತವಾಗಿ ಕೆಮ್ಮಿದರು.

"ನೀವೆಲ್ಲ ಮಾತಾಡ್ತಾನೇ ಇರಿ" ಎಂದರು ಅತ್ತೆ. "ದೊಡ್ಡ ಅಳಿಯಂದ್ರೇ, ಅದನ್ನ ತೆಗೀರಿ."

ಷಡ್ಡಕರು ತೆಗೆದರು. ಚಿತ್ರ ಪರದೆಯನ್ನು ತುಂಬಿತು. ಅತ್ತೆ ಮುಂದಕ್ಕೆ ಬಾಗಿದರು, ಇನ್ನೂ ಬಾಗಿದರು. ಮೂಗು ಗಾಜಿಗೆ ತಾಗುವಷ್ಟು. ಬಲಗಣ್ಣನ್ನು ಮೂಲೆಯಿಂದ ಶುರುಮಾಡಿ, ನೆಲ ಒರೆಸುವವರಂತೆ ಪಟ್ಟಿ ಪಟ್ಟಿಯಾಗಿ ಆಡಿಸುತ್ತಾ ಹೋದರು.

"ಇದು ಅಪ್ಪನ ಮೀಸೆ. ಎಣ್ಣೆ ಹಚ್ಕೊಂಡಿದ್ದಾನೆ... ಇದು ಕುರ್ಚಿ, ಸ್ಟುಡಿಯೋದವನದು... ಇದ್ಯಾರು, ನಾನು. ಅಯ್ಯ, ಬಾಯಿ ಎಷ್ಟು ಸೊಟ್ಟ."

ಕಣ್ಣು ನಡುವಿಗೆ ಬಂದಿತು. ನಿಂತಿತು. ನನ್ನ ಹೆಂಡತಿ ನನ್ನ ಮಣಿಕಟ್ಟು ಹಿಡಿದಳು. ಷಡ್ಡಕರು ತಪ್ಪೊಪ್ಪಿಗೆಗೆ ಬಾಯಿ ತೆರೆದರು:

"ಅತ್ತೆ, ಆ ಮುಖ... ನನ್ನಿಂದ ಏನಾಯ್ತೋ ಗೊತ್ತಿಲ್ಲ, ಅದು..."

"ಸ್ವಲ್ಪ ಸುಮ್ನಿರಿ."

ಅವರು ನೋಡುತ್ತಲೇ ಇದ್ದರು. ಆಮೇಲೆ, ಸ್ವಲ್ಪ ಸ್ವಲ್ಪವಾಗಿ, ಭುಜ ಅಲ್ಲಾಡತೊಡಗಿತು. ಅಳುತ್ತಿದ್ದಾರೆಂದುಕೊಂಡೆವು. ನಗುತ್ತಿದ್ದರು.

"ತಿರುಗಿದ್ದಾಳೆ ಕಣ್ರೇ. ನಿಜವಾಗ್ಲೂ ತಿರುಗಿದ್ದಾಳೆ."

"ಯಾರಮ್ಮ?"

"ಅಮ್ಮ. ಆ ಫೋಟೋದವನು ತಲೆ ಮೇಲೆ ಕರೀ ಬಟ್ಟೆ ಹಾಕ್ಕೊಂಡು ಬಗ್ಗಿದ. ಉಸಿರು ಬಿಗಿ ಹಿಡೀರಿ, ಯಾರೂ ಅಲ್ಲಾಡ್ಬೇಡಿ ಅಂದ. ನಂಗೆ ಭಯ ಆಯ್ತು. ಇನ್ನೂ ಅತ್ತಿರ್ಲಿಲ್ಲ, ಬಾಯಿ ಸೊಟ್ಟ ಮಾಡಿದ್ದೆ ಅಷ್ಟೆ. ಅಷ್ಟಕ್ಕೇ ಅಮ್ಮ ನನ್ನ ಕಡೆ ತಿರುಗಿಬಿಟ್ಟಳು. ದಾರಿಯುದ್ದಕ್ಕೂ ಅಪ್ಪ ಅವಳನ್ನ ಬೈದ, ಒಂದು ನಿಮಿಷ ನೆಟ್ಟಗೆ ಕೂರೋಕಾಗಲ್ವಾ ನಿಂಗೆ, ಮುಖ ಅಲ್ಲಾಡಿಹೋಯ್ತು ಅಂತ."

ಅವರು ಬೆರಳ ತುದಿಯಿಂದ ಗಾಜಿನ ಮೇಲೆ ಆ ಮಸುಕನ್ನು ಮುಟ್ಟಿದರು. ಬೆರಳ ಗುರುತು ಬಿತ್ತು. ಷಡ್ಡಕರು ಅದನ್ನು ಒರೆಸಲು ಹೋಗಲಿಲ್ಲ.

"ಅಮ್ಮ ಹೋದ ಮೇಲೆ ಇದನ್ನ ಯಾರ ಹತ್ರಾನೂ ಹೇಳಿಲ್ಲ. ಐದು ವರ್ಷದ ಮಗು, ನಾನೇ ಕಟ್ಟಿಕೊಂಡ ಕತೆಯೇನೋ ಅಂತ ಒಂದು ಅನುಮಾನ. ಆ ಚಿಕ್ಕ ಫೋಟೋದಲ್ಲಿ ಗೊತ್ತಾಗ್ತಿರ್ಲಿಲ್ಲ. ಇಲ್ಲಿ ನೋಡ್ರೇ, ಕಿವಿ ಇಲ್ಲಿತ್ತು, ಇಲ್ಲಿಗೆ ಬಂದಿದೆ. ನನ್ನ ಕಡೆಗೇ ತಿರುಗಿರೋದು."

ನಾವೆಲ್ಲ ಬಾಗಿ ನೋಡಿದೆವು. ಆರು ವಾರ ಷಡ್ಡಕರು ನಷ್ಟವೆಂದು ಹೆದರಿದ್ದ ಆ ಬಿಳಿಯ ಮಸುಕು ಎಡದಿಂದ ಬಲಕ್ಕೆ, ನೆಟ್ಟಗೆ, ಮಂಡಿಗೊರಗಿದ ಮಗುವಿನ ಕಡೆಗೆ ಹರಿದಿತ್ತು.

ಮಾಮ ಕೊಳವೆಯನ್ನು ಕಂಕುಳಿಗೆ ಸೇರಿಸಿ, "ಹಾಗಾದ್ರೆ ಎರಡನೇ ಮದುವೆ..." ಎಂದರು.

"ಮಾಮ, ಕಾಫಿ ಕುಡೀರಿ" ಎಂದರು ಅಕ್ಕ.

ಷಡ್ಡಕರು ಬಹಳ ಹೊತ್ತು ಪರದೆಯನ್ನೇ ನೋಡಿ, ಒಂದು ತಕ್ಕಡಿಯನ್ನು ಪರೀಕ್ಷಿಸಿ ಮುಗಿಸಿದವರಂತೆ ಬೆನ್ನು ನೆಟ್ಟಗೆ ಮಾಡಿದರು. "ಸರಿಯಾಗೇ ಇದೆ ಅತ್ತೆ" ಎಂದರು. "ಒಂಚೂರೂ ತಪ್ಪಿಲ್ಲ."

"ತೊಂಬತ್ತು ಸೆಕೆಂಡು ಆಯ್ತಾ?"

"ಇಲ್ಲ. ನೀವು ನೋಡಿ."

ಎಲ್ಲರೂ ಅಡುಗೆಮನೆಯ ಕಡೆ ಸರಿದರು. ಮಾತು ಬೇರೆ ಕಡೆ ಹೊರಳಿತು. ನಾನು ಲೋಟ ಹಿಡಿದು ನಡುಮನೆಗೆ ಬಂದಾಗ ಅತ್ತೆ ಹಾಗೆಯೇ ಗಾಜಿಗೆ ಮುಖ ಹಚ್ಚಿ ಕುಳಿತಿದ್ದರು. ಷಡ್ಡಕರು ಪಕ್ಕದ ಸ್ಟೂಲಿನಲ್ಲಿದ್ದರು. ಆ ಕಂಪ್ಯೂಟರಿಗೊಂದು ಚಾಳಿ. ಐದು ನಿಮಿಷ ಯಾರೂ ಮುಟ್ಟದಿದ್ದರೆ ಪರದೆ ತಾನಾಗಿ ಕಪ್ಪಾಗುತ್ತದೆ. ಅದು ಮಂಕಾಗತೊಡಗಿದಾಗಲೆಲ್ಲ ಅವರು ಒಂದು ಬೆರಳಿನಿಂದ, ಅತ್ತೆಗೆ ತಿಳಿಯದಂತೆ, ಮೌಸನ್ನು ಕೂದಲೆಳೆಯಷ್ಟು ಸರಿಸುತ್ತಿದ್ದರು.